ಹೇಳಿದ್ದು 90 ಸಾವಿರ, ಬಿಲ್ ಬಂದದ್ದು 1.86 ಲಕ್ಷ. ಅವ್ವನ್ನ ಬಿಡವಲ್ರು, ಏನ್ ಮಾಡೋದ್ರಿ?

ಮಗ್ಗದಮನಿ (ಬನಹಟ್ಟಿ):
ನಮ್ಮವ್ವಗ ನ್ಯುಮೋನಿಯಾ ಆಗಿ ಬಾಗಲಕೋಟಿಯ ಒಂದು ಪ್ರೈವೇಟ್ ದವಾಖಾನಿಗೆ ಹಾಕಿದ್ವಿ. ಎಂಟು ದಿನ ಆತು. ಅಡ್ಮಿಟ್ ಮಾಡುವಾಗ ಕೌಂಟರ್‌ನ್ಯಾಗ ಹಳದಿ ಚೀಟಿ ಹಿಂದ "80–90" ಅಂತ ಪೆನ್ನಿಲೆ ಬರದ ಕೊಟ್ಟಿದ್ರು. ಇವತ್ತ ಡಾಕ್ಟರ್ ಮನಿಗೆ ಕರಕೊಂಡ ಹೋಗ್ರಿ ಅಂದ್ರು. ಬಿಲ್ 1,86,400. ಅದರಾಗ 60 ಸಾವಿರ ಮೊದಲ ಕಟ್ಟೇವಿ, ಉಳದದ್ದು ಕಟ್ಟೂತನಕ ಪೇಷಂಟ್ ಬಿಡಂಗಿಲ್ಲ ಅಂತಾರ. ಬಿಲ್ಲಿನ್ಯಾಗ ಐದ ಸಾಲು: ಬೆಡ್, ಐಸಿಯು, ಔಷಧ, ಲ್ಯಾಬ್, "ಇತರೆ". ನಮ್ಮ ಕಾಕಾ ಯಾರ ಕಡೆಯಿಂದರೆ ಫೋನ್ ಮಾಡಿಸಿ 10 ಸಾವಿರ ಬಿಡಸ್ತೀನಿ ಅನ್ನಾಕತ್ತಾರ. ಮಾಡಸ್ಲೇನು?

ಬಿಲ್ಲಿಂಗ್ ಬಿಟ್ಟಂವ (ವಿಜಯಪುರ):
ಈಗ ಬ್ಯಾಡ್ರಿ. ನಾ ಎಂಟು ವರ್ಷ ಇಂಥ ಕೌಂಟರ್ ಹಿಂದ ಕುಂತಂವ. "ಸ್ವಲ್ಪ ಕಮ್ಮಿ ಮಾಡ್ರಿ" ಅಂದಕೂಡ್ಲೆ ಅದು ಸಂತಿ ವ್ಯವಹಾರ. ಹತ್ತು ಸಾವಿರ ಬಿಟ್ಟಂಗ ಮಾಡಿ ಸಹಿ ಹಾಕಸ್ಕೋತೀವಿ, ನೀವು ಪೂರಾ ಬಿಲ್ ಒಪ್ಪಿದಂಗ ಆತು. ಫೋನ್ ಬಂದ್ರ ನಮಗ ಖುಷಿನೇ ಆಗತಿತ್ತು, ಖರೇನ ಹೇಳ್ತೀನಿ.

ಮೊದಲ ಎರಡು ಕಾಗದ ಬರದ ಕೇಳ್ರಿ. ಒಂದು, ಪ್ರತಿ ಐಟಂ ಬಿಡಿಸಿದ ಬಿಲ್, ಮೆಡಿಕಲ್‌ದ ಬ್ಯಾಚ್ ನಂಬರ್ ಸಮೇತ. ಎರಡು, ಕೇಸ್ ಶೀಟಿನ, ಅಂದ್ರ ಚಿಕಿತ್ಸಾದ ದಾಖಲೆದ, ಝೆರಾಕ್ಸ್. ಕೇಸ್ ಶೀಟಿನ್ಯಾಗ ಡ್ರಗ್ ಚಾರ್ಟ್ ಅಂತ ಇರತೈತಿ, ಪ್ರತಿ ಡೋಸ್ ಕೊಟ್ಟಾಗ ಸಿಸ್ಟರ್ ಟೈಮ್ ಹಾಕಿ ಸಹಿ ಮಾಡ್ತಾರ. ಬಿಲ್ಲಿನ್ಯಾಗ ಎಷ್ಟು ವಯಲ್ (ಇಂಜೆಕ್ಷನ್ ಬಾಟ್ಲಿ), ಚಾರ್ಟಿನ್ಯಾಗ ಎಷ್ಟು ಸಹಿ, ಕುಂತು ಎಣಸ್ರಿ. ವಾರ್ಡಿನಿಂದ ತಿರುಗಿ ಮೆಡಿಕಲ್‌ಗೆ ಹೋದ ಔಷಧ ಬಿಲ್ಲಿನ್ಯಾಗ ಕಳದಾರೋ ಇಲ್ಲೋ, ಅದನ್ನೂ ನೋಡ್ರಿ. ಐಸಿಯುದಿಂದ ವಾರ್ಡಿಗೆ ತಂದ ಟೈಮ್ ನರ್ಸ್ ನೋಟ್ಸ್‌ನ್ಯಾಗ ಸಿಗತೈತಿ.

ಹಳದಿ ಚೀಟಿ ಐತೇನು? ಈಗಿಂದೀಗ ಫೋಟೋ ತಗೀರಿ. ಕೌಂಟರ್‌ಗೆ ಮಾತ್ರ ಕೊಡಬ್ಯಾಡ್ರಿ.

ಅಥಣಿಕಾರ:
ದವಾಖಾನಿ ಬಾಗಲಕೋಟ್ಯಾಗ ಐತಿ ಅಂತ ಬಚಾವ್. ನಮ್ಮ ಕಡೆ ಮಂದಿ ಎಲ್ಲಾ ಮಹಾರಾಷ್ಟ್ರದ ಮಿರಜ್ಜಿಗೆ ಓಡ್ತೀವಿ, ಅಲ್ಲಿ ನಮ್ಮ ಕರ್ನಾಟಕದ ಕಾಯ್ದೆ ನಡ್ಯಾಂಗಿಲ್ಲ.

ಕರಿಕೋಟು (ಬೆಳಗಾವಿ):
ತಮ್ಮಾ, ಮೊದಲ ಅವ್ವನ ಮಾತು. ರೊಕ್ಕದ ತಕರಾರು ಐತಿ ಅಂತ ಪೇಷಂಟ್‌ನ ಹಿಡದ ಇಟ್ಕೊಳ್ಳಾಕ ಬರಂಗಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿ ಹಕ್ಕುಗಳ ಸನ್ನದಿನ್ಯಾಗ ಇದು ಐತಿ. ಬಲವಂತಲೆ ಕೂಡಿಸಿದ್ರ ಭಾರತೀಯ ನ್ಯಾಯ ಸಂಹಿತೆ 127ರ ಅಕ್ರಮ ಬಂಧನ ಆಗತೈತಿ. ಜಗಳಾ ತಗೀಬ್ಯಾಡ್ರಿ, "ಬಿಡಂಗಿಲ್ಲ ಅನ್ನೂದನ್ನ ಬರದ ಕೊಡ್ರಿ" ಅನ್ರಿ. ಯಾರೂ ಬರದ ಕೊಡಂಗಿಲ್ಲ. ಆಮ್ಯಾಲೂ ಹಟ ಹಿಡದ್ರ 112ಕ್ಕ ಫೋನ್ ಹಚ್ರಿ. ಹಂಗಂತ ಬಾಕಿ ಮಾಫ್ ಆಗಂಗಿಲ್ಲ ಮತ್ತ. ಅವರು ಕೋರ್ಟಿನ್ಯಾಗ ವಸೂಲಿ ಮಾಡಬಹುದು.

ಚೀಟಿ ಯಾಕ ಮುಖ್ಯ ಅಂದ್ರ, ನಮ್ಮ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಕೆಪಿಎಂಇ ಅಂತೀವಲ್ಲ, 2007ರದ್ದು, 2017ರಾಗ ತಿದ್ದುಪಡಿ ಆತು. ಚಿಕಿತ್ಸಾ ಸುರುವಿಗೆ ಅಂದಾಜು ಕೊಡಬೇಕು, ಕೊನೀ ಬಿಲ್ ಅದನ್ನ ಮಿತಿಮೀರಿ ದಾಟಬಾರದು ಅಂತ ಅದರಾಗ ಐತಿ. ರೋಗ ಬಿಗಡಾಯಿಸಿದ್ರ ಖರ್ಚು ಏರತೈತಿ, ಅದು ಖರೆ. ಆದರ ಎರಡ ಪಟ್ಟು ಯಾಕಾತು ಅಂತ ಹೇಳೂದು ಅವರ ಕೆಲಸ. ದೂರು ಕೊಡೂದು ಜಿಲ್ಲಾಧಿಕಾರಿ ಅಧ್ಯಕ್ಷರಿರೋ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕ. ಡಿಎಚ್‌ಓ, ಅಂದ್ರ ಜಿಲ್ಲಾ ಆರೋಗ್ಯ ಅಧಿಕಾರಿ, ಅದರ ಸದಸ್ಯ ಕಾರ್ಯದರ್ಶಿ. ಕೇಸ್ ಶೀಟ್ ಕೇಳಿದ 72 ತಾಸಿನೊಳಗ ಕೊಡಬೇಕು, 2002ರ ವೈದ್ಯಕೀಯ ನಡತೆ ನಿಯಮ ಅದು.

ಕಟ್ಟೂದ ಆದ್ರ ರಸೀದಿ ಮ್ಯಾಲೆ "ತಕರಾರು ಕಾಯ್ದಿರಿಸಿ ಕಟ್ಟೇನಿ" ಅಂತ ಬರೀರಿ. ಗ್ರಾಹಕ ಆಯೋಗಕ್ಕ ಹೋಗಾಕ ಎರಡು ವರ್ಷ ಟೈಮ್ ಐತಿ. ಕೊಟ್ಟ ರೊಕ್ಕ 5 ಲಕ್ಷದೊಳಗ ಇದ್ರ ಅಲ್ಲಿ ಫೀಸ್ ಇಲ್ಲ. ಬಿಪಿಎಲ್ ಕಾರ್ಡ್ ಇದ್ರ ದವಾಖಾನಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಾಗ ಐತೇನು ಅಂತಲೂ ಕೇಳ್ರಿ.

ಮಗ್ಗದಮನಿ:
ಎಪಿಎಲ್ ರೀ ನಮ್ಮದು. ದವಾಖಾನೀನೂ ಆ ಯೋಜನಾದಾಗ ಇಲ್ಲ.

ಬರದ ಕೊಡ್ರಿ ಅಂದೆ ಅಕ್ಕಾರ, ಕೌಂಟರಿನವ್ರು ಒಳಗ ಹೋಗಿ ಬಂದು "ನಾವೇನ್ ಹಿಡದಿಲ್ಲ" ಅಂದ್ರು. ಕೇಸ್ ಶೀಟ್ ಝೆರಾಕ್ಸ್ ಸಂಜೀಕ ಕೊಟ್ರು. ರಾತ್ರಿ ನಾನೂ ತಂಗೀನೂ ಮೆಟ್ಟಿಲ ಮ್ಯಾಲೆ ಕುಂತು ಮೊಬೈಲ್ ಬ್ಯಾಟರಿ ಬೆಳಕಿನ್ಯಾಗ ಎಣಿಸಿದ್ವಿ. ಆಕಿ ಓದತಿದ್ಲು, ನಾ ಗೀಟ ಹೊಡೀತಿದ್ದೆ. ದಿನಕ್ಕ ಮೂರರಂಗ ಐದ ದಿನ, 15 ಇಂಜೆಕ್ಷನ್. ಬಿಲ್ಲಿನ್ಯಾಗ 24! ಒಂದಕ್ಕ 700. ಐಸಿಯುನೂ ಒಂದ ದಿನ ಹೆಚ್ಚ ಹಾಕಿದ್ರು.

ಮುಂಜಾನೆ ಗೀಟ ಹೊಡದ ಹಾಳಿ ಮುಂದ ಇಟ್ಟೆ. "ಸಿಸ್ಟಂ ಮಿಸ್ಟೇಕ್" ಅಂತ. ಇಂಜೆಕ್ಷನ್‌ದು 6,300, ಐಸಿಯು-ವಾರ್ಡ್ ಫರಕ 5,700, ಒಟ್ಟು 12 ಸಾವಿರ ಕಳದ್ರು. ಕಾಕಾನ 10 ಸಾವಿರಕ್ಕಿಂತ ಎರಡ ಸಾವಿರ ಜಾಸ್ತಿನ ಆತು, ಯಾರ ಕಾಲೂ ಹಿಡೀಲಿಲ್ಲ. ಉಳದ 1,14,400 ಕೈಗಡ ತಂದು ಕಟ್ಟಿದ್ವಿ, ರಸೀದಿ ಮ್ಯಾಲೆ ನೀವು ಹೇಳಿದಂಗ ಬರದೆ. "ಇತರೆ" ಏನಂತ ಇನ್ನೂ ಹೇಳಿಲ್ಲ. ನಿನ್ನೆ ನವನಗರಕ್ಕ ಹೋಗಿ ಡಿಎಚ್‌ಓ ಆಫೀಸಿನ್ಯಾಗ ಚೀಟಿ ಫೋಟೋ ಹಚ್ಚಿ ದೂರು ಕೊಟ್ಟ ಬಂದೆ.

ಬಿಲ್ಲಿಂಗ್ ಬಿಟ್ಟಂವ:
ನಿಮ್ಮ ಕಾಪಿ ಮ್ಯಾಲೆ ಸೀಲ್, ಆವಕ ನಂಬರ್ (ದೂರು ಬಂತು ಅಂತ ಆಫೀಸಿನವ್ರು ಹಾಕೂ ನಂಬರ್) ಹಾಕಿಸ್ಕೊಂಡ್ರೋ ಇಲ್ಲೋ?

ಮಗ್ಗದಮನಿ:
ಸೀಲ್ ಹಾಕ್ಯಾರ. ನಂಬರ್ ಇಲ್ಲ.

ಬಿಲ್ಲಿಂಗ್ ಬಿಟ್ಟಂವ:
ನಾಳೆ ಮತ್ತ ಹೋಗ್ರಿ.