ಪದಚರ್ಚೆ: ‘ತವರು’ ಇದೆ, ‘ಎವೇ’ಗೆ ಏನು?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ನೆರವು ಬೇಕು.

1965-66ರ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಒಂದು ಉದ್ದನೆಯ ಲೇಖನ ಬರೆಯುತ್ತಿದ್ದೇನೆ. ಯುರೋಪಿನ ಒಂದೊಂದು ದೇಶದಲ್ಲೂ ಅಲ್ಲಿನ ಕಪ್ ಗೆದ್ದ ಕ್ಲಬ್‌ಗಳಿಗಾಗಿ ನಡೆಯುತ್ತಿದ್ದ ಟೂರ್ನಿ ಅದು. 1960ರಲ್ಲಿ ಶುರುವಾಗಿ 1999ರಲ್ಲಿ ನಿಂತುಹೋಯಿತು. ಹೆಸರನ್ನು ‘ಕಪ್ ಗೆದ್ದವರ ಕಪ್’ ಎಂದು ಬರೆದೆ. ಓದಲು ಹಿತವಾಗಿಯೇ ಇದೆ. ನನ್ನ ತೊಡಕು ಅದಲ್ಲ, ‘ಎವೇ ಗೋಲ್’, ಅಂದರೆ ಎದುರಾಳಿಯ ಅಂಗಳಕ್ಕೆ ಹೋಗಿ ಹೊಡೆದ ಗೋಲು.

ಈ ಪದ ಬಿಟ್ಟು ಆ ಸೀಸನ್ನಿನ ಕತೆ ಹೇಳಲು ಆಗುವುದೇ ಇಲ್ಲ. ಎವೇ ಗೋಲ್ ನಿಯಮ ಮೊದಲು ಬಳಕೆಗೆ ಬಂದದ್ದೇ ಆಗ. ಎರಡನೇ ಸುತ್ತಿನಲ್ಲಿ ಬುಡಾಪೆಸ್ಟಿನ ಹೊನ್ವೇಡ್ ಮತ್ತು ಪ್ರಾಗ್‌ನ ಡುಕ್ಲಾ ಎದುರಾದವು, ಒಬ್ಬೊಬ್ಬರ ಅಂಗಳದಲ್ಲಿ ಒಂದರಂತೆ ಎರಡು ಪಂದ್ಯ. ಹೊನ್ವೇಡ್ ಪ್ರಾಗ್‌ನಲ್ಲಿ 3-2ರಿಂದ ಗೆದ್ದಿತು. ಡುಕ್ಲಾ ಬುಡಾಪೆಸ್ಟ್‌ನಲ್ಲಿ 2-1ರಿಂದ ಗೆದ್ದಿತು. ಕೂಡಿದರೆ 4-4, ಸಮ. ಆದರೆ ಹೊನ್ವೇಡ್ ಎದುರಾಳಿಯ ಅಂಗಳದಲ್ಲಿ ಮೂರು ಗೋಲು ಹೊಡೆದಿತ್ತು, ಡುಕ್ಲಾ ಎರಡು. ಅದೊಂದೇ ಕಾರಣಕ್ಕೆ ಹೊನ್ವೇಡ್ ಮುಂದೆ ಹೋಯಿತು.

ಹಿಂದೆಲ್ಲ ಹೀಗೆ ಸಮವಾದರೆ ಮೂರನೇ ಊರಿನಲ್ಲಿ ಮತ್ತೊಂದು ಪಂದ್ಯ ಆಡಿಸುತ್ತಿದ್ದರು. ಅದೂ ಸಮವಾದರೆ ಟಾಸ್. 1965ರ ಮಾರ್ಚ್‌ನಲ್ಲಿ, ಯುರೋಪಿಯನ್ ಕಪ್ ಎಂಬ ಇನ್ನೊಂದು ಟೂರ್ನಿಯಲ್ಲಿ, ಲಿವರ್‌ಪೂಲ್ ಮತ್ತು ಕಲೋನ್ ಎರಡು ಪಂದ್ಯ 0-0 ಆಡಿ, ರಾಟರ್‌ಡ್ಯಾಮ್‌ನಲ್ಲಿ ಮೂರನೆಯದನ್ನೂ 2-2 ಆಡಿದವು. ಕೊನೆಗೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ ಇದ್ದ ಬಿಲ್ಲೆ ಚಿಮ್ಮಿದರು. ಅದು ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು! ಮತ್ತೆ ಚಿಮ್ಮಬೇಕಾಯಿತು. ಲಿವರ್‌ಪೂಲ್ ಉಳಿಯಿತು. ಐದು ತಾಸು ಆಡಿದವರ ಹಣೆಬರಹ ಒಂದು ಬಿಲ್ಲೆಯ ಕೈಗೆ ಹೋಗುವುದು ಯಾರಿಗೆ ಸರಿ ಅನ್ನಿಸುತ್ತೆ? ಅದರ ಜೊತೆಗೆ, ಬೇರೆಯವರ ಅಂಗಳಕ್ಕೆ ಹೋದ ತಂಡಗಳು ಸುಮ್ನೆ ಗೋಲಿನ ಮುಂದೆ ಗುಂಪುಗೂಡಿ ತಡೆಯುತ್ತಾ ನಿಲ್ಲುತ್ತಿದ್ದವು. ಅವರು ಮುನ್ನುಗ್ಗಿ ಆಡಲಿ ಎಂಬುದೂ ಹೊಸ ನಿಯಮದ ಆಸೆ.

ಈಗ ಪದಕ್ಕೆ ಬರುತ್ತೇನೆ.

‘ಹೋಮ್’ ಎಂಬುದಕ್ಕೆ ನಮ್ಮ ಪತ್ರಿಕೆಗಳು ‘ತವರು’ ಎಂದು ಬರೆಯುತ್ತವೆ. ತವರಿನ ಅಂಗಳ, ತವರಿನ ಅಭಿಮಾನಿಗಳು, ತವರಿನಲ್ಲಿ ಸೋಲು. ಎಷ್ಟು ಚೆನ್ನಾಗಿ ಕೂತಿದೆ, ಅಲ್ವಾ? ಆದರೆ ಸ್ವಲ್ಪ ಯೋಚಿಸಿ. ತವರು ಅಂದರೆ ಮದುವೆಯಾದ ಹೆಣ್ಣುಮಗಳ ಹುಟ್ಟಿದ ಮನೆ. ಬಿಟ್ಟು ಹೋದವಳಿಗೇ ಅದು ತವರು. ಅಲ್ಲೇ ಇರುವವರಿಗೆ ಅದು ಬರೀ ಮನೆ. ಕ್ಲಬ್ಬು ತನ್ನ ಅಂಗಳ ಬಿಟ್ಟು ಹೋಗಿರುವುದಿಲ್ಲ, ಅಲ್ಲೇ ವಾಸ. ಆದರೂ ಕ್ರೀಡಾಪುಟಕ್ಕೆ ಬಂದದ್ದು ‘ಮನೆ’ ಅಲ್ಲ, ‘ತವರು’. ಯಾಕೆ? ನನಗೆ ತೋಚುವುದು ಇಷ್ಟು: ಆ ಪದದೊಳಗೆ ‘ಇಲ್ಲಿ ಎಲ್ಲರೂ ನನ್ನ ಕಡೆ’ ಎಂಬ ಧೈರ್ಯ ಇದೆ. ಸಾವಿರಾರು ಜನ ತನ್ನ ಹೆಸರು ಕೂಗುವ ಅಂಗಳದಲ್ಲಿ ಆಟಗಾರನಿಗೆ ಸಿಗುವುದು ಅದೇ.

ಹಾಗಾದರೆ ಅದರ ಜೋಡಿ? ತವರಿಗೆ ನಮ್ಮ ಮಾತಿನಲ್ಲಿ ಇರುವ ಜೋಡಿ ಗಂಡನ ಮನೆ, ಅತ್ತೆ ಮನೆ. ಅದು ಒಗ್ಗುವುದಿಲ್ಲ. ಗಂಡನ ಮನೆ ನಿಧಾನಕ್ಕೆ ಅವಳದೇ ಆಗುತ್ತದೆ. ಲಿವರ್‌ಪೂಲ್‌ಗೆ ಎದುರಾಳಿ ಸೆಲ್ಟಿಕ್ ಕ್ಲಬ್ಬಿನ ಅಂಗಳವಾದ ಸೆಲ್ಟಿಕ್ ಪಾರ್ಕ್ ಎಂದಿಗೂ ತನ್ನದು ಆಗುವುದಿಲ್ಲ.

‘ತವರಿನಾಚೆಯ ಗೋಲ್’ ಎಂದು ಬರೆದು ನೋಡಿದೆ. ಅರ್ಥ ಆಗುತ್ತೆ. ಆದರೆ ಪಂದ್ಯ ಮೂರನೇ ಊರಲ್ಲಿ ನಡೆದರೂ ಅದು ತವರಿನ ಆಚೆಯೇ! ಎದುರಾಳಿಯ ಅಂಗಳ ಎಂಬ ಮುಖ್ಯ ಮಾತು ಅದರಲ್ಲಿಲ್ಲ. ‘ವಿದೇಶಿ ಗೋಲ್’ ಬೇಡವೇ ಬೇಡ. ಒಂದೇ ದೇಶದ ಎರಡು ಕ್ಲಬ್ ಎದುರಾದರೆ ಅದು ಸುಳ್ಳಾಗುತ್ತದೆ. ‘ಪ್ರವಾಸಿ’ ಎಂಬುದು ಕ್ರಿಕೆಟ್ಟಿನಲ್ಲಿ ಬೇರು ಬಿಟ್ಟಿದೆ, ಆದರೆ ಅಲ್ಲಿ ತಂಡ ತಿಂಗಳುಗಟ್ಟಲೆ ಊರೂರು ಸುತ್ತುತ್ತೆ. ಬುಧವಾರ ಹೋಗಿ ಗುರುವಾರ ಮನೆ ಸೇರುವವರನ್ನು ಪ್ರವಾಸಿ ಅನ್ನಲು ನನಗೆ ಮನಸ್ಸಾಗುವುದಿಲ್ಲ.

‘ಪರಸ್ಥಳದ ಗೋಲ್’ ಎಂಬುದು ತುಂಬಾ ಇಷ್ಟವಾಗಿತ್ತು. ಪರಸ್ಥಳದವರು, ಪರಸ್ಥಳದ ಚೆಕ್ಕು ಎಂದೆಲ್ಲ ನಾವು ಆಡುವ ಮಾತೇ ಅದು. ಅದನ್ನೇ ಇಟ್ಟುಕೊಂಡು ಎರಡು ಪುಟ ಬರೆದಿದ್ದೆ. ಆಗ 2003ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ನೆನಪಾಯಿತು. ಎಸಿ ಮಿಲಾನ್, ಇಂಟರ್ ಎರಡೂ ಮಿಲಾನ್ ನಗರದವು. ಇಬ್ಬರ ಅಂಗಳವೂ ಅದೇ ಸ್ಯಾನ್ ಸಿರೋ. ಮೊದಲ ಪಂದ್ಯ ಮಿಲಾನ್ ಲೆಕ್ಕದಲ್ಲಿ ತವರಿನದು, 0-0. ಎರಡನೆಯದು ಇಂಟರ್ ಲೆಕ್ಕದಲ್ಲಿ, 1-1. ಎರಡನೆಯದರಲ್ಲಿ ಮಿಲಾನ್‌ನ ಶೆವ್ಚೆಂಕೊ ಹೊಡೆದ ಗೋಲು ಎವೇ ಗೋಲ್ ಆಗಿ ಮಿಲಾನ್ ಫೈನಲ್‌ಗೆ ಹೋಯಿತು. ಅದೇ ಊರು, ಅದೇ ಹುಲ್ಲು! ಪರಸ್ಥಳ ಎಲ್ಲಿಂದ ಬಂತು? ಅಂದರೆ ಇದು ಜಾಗದ ಮಾತಲ್ಲ. ಅವತ್ತು ಯಾರು ಕರೆದವರು, ಯಾರು ಬಂದವರು ಎಂಬ ಮಾತು.

ಹಾಗಾಗಿ ‘ಅತಿಥಿ’ ಕಡೆ ತಿರುಗಿದೆ. ಆತಿಥೇಯ ತಂಡ ಎಂಬುದು ಈಗಾಗಲೇ ಬಳಕೆಯಲ್ಲಿದೆ. ಆದರೆ ‘ಅತಿಥಿ ಗೋಲ್’ ಅಂದರೆ ಅತಿಥಿ ಉಪನ್ಯಾಸಕರ ಹಾಗೆ ಗೋಲೇ ಅತಿಥಿಯಾಗಿಬಿಡುತ್ತದೆ. ‘ಅತಿಥಿಗಳ ಗೋಲ್’ ಎಂದರೆ ಸರಿಹೋಗುತ್ತೆ. ಆದರೂ ಆತಿಥೇಯ, ಅತಿಥಿ ಎರಡನ್ನೂ ಒಂದೇ ವಾಕ್ಯದಲ್ಲಿ ಬೇಗ ಓದಿದರೆ ಯಾರು ಯಾರೆಂದು ಗೊಂದಲ. ಅದಕ್ಕಿಂತ ‘ಬಂದವರ ಗೋಲ್’ ತಿಳಿಯಾಗಿದೆ.

ಅಲ್ಲೂ ಒಂದು ಸಿಕ್ಕು. ಬಂದವರು ಅನ್ನುವಾಗ ನಾವು ಆ ಊರಿನವರ ಪಕ್ಕ ನಿಂತಿರುತ್ತೇವೆ. ನಾನು ಬರೆಯುತ್ತಿರುವ ಸೀಸನ್ನಿನದೇ, 1966ರ ಏಪ್ರಿಲ್‌ನ ಸೆಮಿಫೈನಲ್ ತೆಗೆದುಕೊಳ್ಳಿ. ಗ್ಲಾಸ್ಗೋದಲ್ಲಿ ಸೆಲ್ಟಿಕ್ 1-0ರಿಂದ ಗೆದ್ದಿತ್ತು. ತನ್ನ ಅಂಗಳ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ 2-0 ಮುಂದಿತ್ತು. ಕೊನೆಯ ಗಳಿಗೆಯಲ್ಲಿ ಸೆಲ್ಟಿಕ್‌ನ ಬಾಬಿ ಲೆನಾಕ್ಸ್ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಆಫ್‌ಸೈಡ್ ಎಂದು ಅದನ್ನು ರದ್ದು ಮಾಡಿದರು. ಆ ಗೋಲು ನಿಂತಿದ್ದರೆ ಒಟ್ಟು 2-2 ಆಗಿ, ಎವೇ ಗೋಲ್ ಲೆಕ್ಕದಲ್ಲಿ ಸೆಲ್ಟಿಕ್ ಫೈನಲ್‌ಗೆ ಹೋಗುತ್ತಿತ್ತು. ಫೈನಲ್ ಇದ್ದದ್ದೋ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ, ಅವರದೇ ಊರಲ್ಲಿ. ಈ ನೋವನ್ನು ಸೆಲ್ಟಿಕ್ ಕಡೆಯಿಂದ ಬರೆಯುವಾಗ ಅವರು ‘ಬಂದವರು’ ಅಲ್ಲ, ‘ಹೋದವರು’. ಬರು, ಹೋಗು ಎಂಬ ಎರಡು ಕ್ರಿಯೆಗಳನ್ನು ಕನ್ನಡ ಎಷ್ಟು ಕಟ್ಟುನಿಟ್ಟಾಗಿ ನೋಡುತ್ತದೆ ಎಂದು ನನಗೆ ಗೊತ್ತಾದದ್ದೇ ಇಲ್ಲಿ.

ಕೊನೆಗೆ ಬರೆದದ್ದು ಹೀಗೆ: “ಹೊನ್ವೇಡ್ ಹೋಗಿ ಹೊಡೆದ ಗೋಲು ಮೂರು. ಡುಕ್ಲಾ ಹೋಗಿ ಹೊಡೆದದ್ದು ಎರಡು.” ಇದು ನನಗೆ ಮನಸಾರೆ ಹಿಡಿಸಿದೆ. ಯಾವ ವಿವರಣೆಯೂ ಬೇಡ, ನಿಯಮ ತಾನಾಗಿ ತಿಳಿಯುತ್ತೆ. ಆದರೆ ತಲೆಬರಹಕ್ಕೆ ಇದು ಆಗದು. 2021ರಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಈ ನಿಯಮವನ್ನೇ ಕೈಬಿಟ್ಟಿತು. ಅದನ್ನು ‘ಹೋಗಿ ಹೊಡೆದ ಗೋಲ್ ನಿಯಮ ರದ್ದು’ ಎಂದು ಹಾಕಲಾದೀತೇ? ಚಿಕ್ಕ ನಾಮಪದ ಬೇಕು.

ಕಂಠೀರವದಲ್ಲಿ ಜನ ಏನನ್ನುತ್ತಾರೆ ಎಂಬುದೂ ಗೊತ್ತು. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ 2016ರ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾಕ್ಕೆ ಹೋಗಿ ಜೊಹೋರ್ ತಂಡದ ಜೊತೆ 1-1 ಆಡಿ ಬಂದಿತ್ತು. ಇಲ್ಲಿ 3-1ರಿಂದ ಗೆದ್ದಿತು. ಅವತ್ತು ನನ್ನ ಪಕ್ಕ ಕೂತಿದ್ದವರ ಬಾಯಲ್ಲಿ ಇದ್ದದ್ದು ಒಂದೇ ಮಾತು: “ಎವೇ ಗೋಲ್ ಇದೆ ಗುರು, ಸೊನ್ನೆ-ಸೊನ್ನೆ ಆದ್ರೂ ಸಾಕು.” ಜನರ ಬಾಯಿಗೆ ಬಂದ ಪದವನ್ನು ಕಿತ್ತುಹಾಕುವ ಹಟ ನನಗಿಲ್ಲ. ಲೇಖನ ಓದುವ ನಮ್ಮ ಅತ್ತೆಯಂಥವರಿಗೂ ಆಟ ತಲುಪಬೇಕು, ಅಷ್ಟೇ.

ಇನ್ನೆರಡು ಸಣ್ಣ ಸಂಗತಿ. ‘ಎವೇ ಗೋಲಿಗೆ ಡಬಲ್ ಬೆಲೆ’ ಎಂದು ವಿವರಿಸುವುದನ್ನು ದಯವಿಟ್ಟು ಬಿಡೋಣ. ಒಟ್ಟು ಲೆಕ್ಕ ಸಮವಾದಾಗ ಮಾತ್ರ ಅದಕ್ಕೆ ಬೆಲೆ. ಮೊದಲು ತವರಿನಲ್ಲಿ 4-2ರಿಂದ ಗೆದ್ದು ಆಮೇಲೆ ಎದುರಾಳಿಯ ಅಂಗಳದಲ್ಲಿ 1-0ರಿಂದ ಸೋತ ತಂಡ 4-3ರಿಂದ ಮುಂದೆ ಹೋಗುತ್ತದೆ. ಎಲ್ಲದಕ್ಕೂ ಡಬಲ್ ಹಾಕಿದರೆ 4-5 ಆಗಿ ಮನೆಗೆ ಹೋಗಬೇಕಾಗುತ್ತದೆ. ಹಾಗೇ ‘ನಾಕೌಟ್’ಗೆ ‘ಸೋತರೆ ಹೊರಗೆ’ ಎಂಬ ಸುಲಭದ ಅರ್ಥವೂ ಇಲ್ಲಿ ತಪ್ಪು. ಆ ಸೀಸನ್ನಿನಲ್ಲಿ ಲಿವರ್‌ಪೂಲ್ ಯುವೆಂಟಸ್ ಅಂಗಳದಲ್ಲೂ ಸೋತಿತು, ಸೆಲ್ಟಿಕ್ ಅಂಗಳದಲ್ಲೂ ಸೋತಿತು. ಆದರೂ ಫೈನಲ್‌ವರೆಗೆ ಬಂತು. ಅಲ್ಲಿ, ಮೇ 5ರಂದು, ಹೆಚ್ಚುವರಿ ಸಮಯದಲ್ಲಿ ಲಿಬುಡಾ ದೂರದಿಂದ ಎತ್ತಿ ಹೊಡೆದ ಚೆಂಡಿನಿಂದ ಬೊರುಸಿಯಾ ಡಾರ್ಟ್‌ಮಂಡ್ 2-1ರಿಂದ ಗೆದ್ದಿತು. ಯುರೋಪಿನ ಕಪ್ ಗೆದ್ದ ಮೊದಲ ಜರ್ಮನ್ ಕ್ಲಬ್ ಅದು.

ನನ್ನ ಕೋರಿಕೆ ಇಷ್ಟು. ನಿಮ್ಮಲ್ಲಿ ಕಬಡ್ಡಿ, ವಾಲಿಬಾಲ್ ಆಡಲು ಪಕ್ಕದ ಊರಿಗೆ ಹೋಗುತ್ತಿದ್ದವರು ಇದ್ದೇ ಇರುತ್ತೀರಿ. ಆ ಊರಿನ ಅಂಗಳದಲ್ಲಿ, ಆ ಊರಿನ ಜನರ ನಡುವೆ ಆಡುವುದಕ್ಕೆ ನಿಮ್ಮ ಕಡೆ ಏನನ್ನುತ್ತಿದ್ದರು? ಕರಾವಳಿ, ಮಲೆನಾಡು, ಬಯಲುಸೀಮೆ, ಉತ್ತರ ಕರ್ನಾಟಕ, ಯಾವ ಕಡೆಯ ಮಾತಾದರೂ ಸರಿ. ಒಂದೇ ಪದ ಆದರೂ ಬರೆಯಿರಿ.