ಸಾಸಿವೆ ಸಾಸ್‌ನ ಘಾಟು ಎಷ್ಟಿದೆ ಅಂತ ಬಾಟಲಿ ನೋಡಿ ತಿಳಿಯುವುದು ಹೇಗೆ?

ಅರ್ಧಚಮಚ:
ಸಾಸಿವೆ ಸಾಸ್ ನನಗೆ ತುಂಬಾ ಇಷ್ಟ. ಆದರೆ ಸಾಲಾಗಿ ಜೋಡಿಸಿಟ್ಟ ಬಾಟಲಿಗಳಲ್ಲಿ ಯಾವುದಕ್ಕೆ ಎಷ್ಟು ಘಾಟು ಅಂತ ಗೊತ್ತೇ ಆಗುವುದಿಲ್ಲ. ಹೋದ ಸಲ 'ಹಾಟ್' ಅಂತ ದಪ್ಪ ಅಕ್ಷರದಲ್ಲಿ ಬರೆದದ್ದನ್ನು ತಂದೆ. ಹುಳಿ ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಅದಕ್ಕೂ ಮುಂಚೆ ತಂದ ಡಿಜಾನ್ (ಫ್ರೆಂಚ್ ಬಗೆಯ ಸಾಸಿವೆ ಸಾಸ್) ಮೇಲೆ ಅಂಥ ಮಾತೇ ಇರಲಿಲ್ಲ. ನಮ್ಮ ಯಜಮಾನರು ಬ್ರೆಡ್ಡಿಗೆ ಧಾರಾಳವಾಗಿ ಸವರಿಕೊಂಡರು, ಆಮೇಲೆ ಮೂಗು ಹಿಡಿದು ಕೂತರು. ನನಗೆ ಅದೇ ಬೇಕು, ಅವರಿಗೆ ಅದು ಬೇಡ. ಇಬ್ಬರಿಗೂ ಆಗುವಂಥದ್ದು ಇದೆಯಾ? ಇನ್ನೊಂದು, ತೆರೆದಾಗ ಜೋರಾಗಿದ್ದ ಸಾಸ್ ಬರಬರುತ್ತಾ ಸಪ್ಪೆ ಆಗುತ್ತದಲ್ಲ, ಯಾಕೆ?

ಮೆಣಸಿನ ಪುಡಿ ಬೆರೆಸಿಕೊಳ್ಳಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಒರಳುಕಲ್ಲು:
'ಹಾಟ್', 'ಸ್ಟ್ರಾಂಗ್' ಎಲ್ಲ ಮಾರುವವರ ಮಾತು. ಬಾಟಲಿ ತಿರುಗಿಸಿ, ಒಳಗೆ ಏನೇನು ಹಾಕಿದ್ದಾರೆ ಅಂತ ಓದಿ.

ಮೊದಲು ಕಾಳು. ಬಿಳಿ ಸಾಸಿವೆ (ಹಳದಿ ಅಂತಲೂ ಅನ್ನುತ್ತಾರೆ) ನಾಲಿಗೆಗೆ ಚುರುಕ್ ಅನಿಸಿ ಅಲ್ಲೇ ಮುಗಿಯುತ್ತದೆ. ಕಂದು ಮತ್ತು ಕಪ್ಪು ಸಾಸಿವೆ ನೇರ ಮೂಗಿಗೆ ಏರುತ್ತವೆ. ಇವೆರಡರಲ್ಲೂ ಸಿನಿಗ್ರಿನ್ ಅನ್ನುವ ವಸ್ತು ಇದೆ. ಕಾಳು ಒಡೆದು ನೀರು ತಾಗಿದರೆ ಮೈರೋಸಿನೇಸ್ ಅನ್ನುವ ಕಿಣ್ವ ಅದನ್ನು ಅಲೈಲ್ ಐಸೋಥಯೋಸಯನೇಟ್ ಮಾಡುತ್ತದೆ. ಅದು ಸುಲಭವಾಗಿ ಆವಿಯಾಗುತ್ತದೆ. ಬಾಯಿಯಿಂದ ಮೂಗಿಗೆ ಹೋಗಲು ಅದಕ್ಕೆ ಕ್ಷಣ ಸಾಕು. ಬಿಳಿ ಕಾಳಿನಲ್ಲಿರುವುದು ಸಿನಾಲ್ಬಿನ್. ಅದರಿಂದ ಬರುವ ಖಾರ ಹೀಗೆ ಹಾರುವುದಿಲ್ಲ. ಒಡೆಯದ ಸಾಸಿವೆಯನ್ನು ಎಷ್ಟು ಮೂಸಿದರೂ ಘಾಟಿಲ್ಲ ಅಲ್ವಾ? ಒಡೆಯುವ ತನಕ ಕಿಣ್ವಕ್ಕೆ ಕೆಲಸವಿಲ್ಲ.

ಅರಿಶಿನ ಹಾಕಿದ ಗಾಢ ಹಳದಿ ಸಾಸ್ ಬಿಳಿ ಕಾಳಿನದು, ಸೌಮ್ಯ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೇಳದಲ್ಲಿ ಫ್ರೆಂಚ್ಸ್ ಕಂಪನಿ ಜನರ ಮುಂದಿಟ್ಟದ್ದು ಇದನ್ನೇ. ಡಿಜಾನ್ ಸಾಮಾನ್ಯವಾಗಿ ಕಂದು ಕಾಳಿನದು. ಆದರೆ ಫ್ರಾನ್ಸಿನ ಡಿಜಾನ್ ಊರಲ್ಲೇ ಮಾಡಬೇಕು ಅಂತೇನೂ ಇಲ್ಲ, ಹಾಗಾಗಿ ಎಲ್ಲ ಡಿಜಾನೂ ಒಂದೇ ಥರ ಇರುವುದಿಲ್ಲ. ಇಂಗ್ಲಿಷ್ ಸಾಸಿವೆಯಲ್ಲಿ ಕಂದು, ಬಿಳಿ ಎರಡನ್ನೂ ನುಣ್ಣಗೆ ಪುಡಿ ಮಾಡಿರುತ್ತಾರೆ. ನಾಲಿಗೆಗೂ ಏಟು, ಮೂಗಿಗೂ ಏಟು. ಇಡೀ ಕಾಳು ಕಾಣುವ ಸಾಸ್ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಸಕ್ಕರೆಯೋ ಜೇನೋ ಪಟ್ಟಿಯ ಮೊದಲಲ್ಲೇ ಇದ್ದರೆ ಅದು ನಿಮಗಲ್ಲ, ಯಜಮಾನರಿಗೆ.

ಒಂದೇ ಬಾಟಲಿಯಲ್ಲಿ ಇಬ್ಬರನ್ನೂ ಒಪ್ಪಿಸುವುದು ಕಷ್ಟ. ಸಾಸಿವೆ ಪುಡಿ ತನ್ನಿ. ತಣ್ಣೀರಲ್ಲಿ ಕಲಸಿ ಹತ್ತು ನಿಮಿಷ ಸುಮ್ನೆ ಬಿಡಿ, ಘಾಟು ಚೆನ್ನಾಗಿ ಏರುತ್ತದೆ. ಆಮೇಲೆ ಉಪ್ಪು, ವಿನೆಗರ್. ಇದು ನಿಮ್ಮ ಪಾಲು. ಯಜಮಾನರ ಪಾಲಿಗೆ ನೀರಿನ ಬದಲು ಮೊದಲೇ ವಿನೆಗರ್ ಹಾಕಿ ಕಲಸಿ. ಹುಳಿ ಬಿದ್ದರೆ ಕಿಣ್ವ ಮಂದವಾಗುತ್ತದೆ, ಘಾಟು ಅರ್ಧಕ್ಕೇ ನಿಲ್ಲುತ್ತದೆ. ಕುದಿಯುವ ನೀರು ಮಾತ್ರ ಬೇಡ. ಕಿಣ್ವವೇ ಸತ್ತುಹೋಗುತ್ತದೆ, ಕಹಿ ಉಳಿಯುತ್ತದೆ.

ತೆಳುಪದರ:
ಒರಳುಕಲ್ಲು ಅವರು ಕಾಳಿನ ಬಗ್ಗೆ ಹೇಳಿದ್ದು ಸರಿ. ಆದರೆ ಪ್ರತಿ ಸಲ ಪುಡಿ ಕಲಸಿಕೊಂಡು ಕೂರಲು ಎಲ್ಲರಿಗೂ ಪುರುಸೊತ್ತು ಎಲ್ಲಿದೆ? ನಾನಾದರೆ ಜೋರಾದ ಡಿಜಾನ್ ಒಂದೇ ಇಟ್ಟುಕೊಳ್ಳುತ್ತೇನೆ. ಮೆತ್ತಗೆ ಬೇಕಾದವರಿಗೆ ಅದಕ್ಕೇ ಮೊಸರೋ ಮಯೊನೇಸೋ ಬೆರೆಸಿದರೆ ಆಯಿತು. ಜೋರಾದದ್ದನ್ನು ಇಳಿಸಬಹುದು, ಸಪ್ಪೆಯನ್ನು ಏರಿಸಲು ಆಗುವುದಿಲ್ಲ.

ಇನ್ನೊಂದು ಮಾತು. ಸಾಸನ್ನು ಅಡುಗೆಗೆ ಹಾಕುವುದಾದರೆ ಬಾಟಲಿಯ ಘಾಟು ನೋಡಿ ದುಡ್ಡು ಜಾಸ್ತಿ ಕೊಡಬೇಡಿ. ಕುದಿಯುವಾಗ ಹಾಕಿದರೆ ಎಲ್ಲ ಹಾರಿಹೋಗುತ್ತದೆ. ಒಲೆ ಆರಿಸಿದ ಮೇಲೆ ಬೆರೆಸಿ.

ಅರ್ಧಚಮಚ:
ಇಬ್ಬರಿಗೂ ಥ್ಯಾಂಕ್ಸ್. ಆ 'ಹಾಟ್' ಬಾಟಲಿ ತಿರುಗಿಸಿ ನೋಡಿದೆ. ಮೊದಲು ನೀರು, ಆಮೇಲೆ ವಿನೆಗರ್, ಸಾಸಿವೆ ಮೂರನೆಯದು, ಕೊನೆಗೆ ಅರಿಶಿನ! ಮೊಸರಿನ ಉಪಾಯ ನಮ್ಮವರಿಗೆ ಒಪ್ಪಿಗೆ. ಆದರೂ ಪುಡಿ ಒಮ್ಮೆ ಕಲಸಿ ನೋಡಬೇಕು ಅನಿಸುತ್ತಿದೆ. ಬೆಳಿಗ್ಗೆ ಕಲಸಿದರೆ ರಾತ್ರಿ ತನಕ ಘಾಟು ಇರುತ್ತದೆಯೇ?

ಒರಳುಕಲ್ಲು:
ಸಾಸಿವೆಗಿಂತ ಮೊದಲು ವಿನೆಗರ್ ಇದ್ದರೆ ಇನ್ನೇನು ಘಾಟು ಬರುತ್ತದೆ ಬಿಡಿ. ಪಟ್ಟಿಯಲ್ಲಿ ಯಾವುದು ಜಾಸ್ತಿಯೋ ಅದನ್ನು ಮುಂದೆ ಬರೆಯುತ್ತಾರೆ. ಸಾಸಿವೆ ಮೊದಲೋ ಎರಡನೆಯದೋ ಇರುವುದನ್ನು ಹುಡುಕಿ.

ಬರೀ ನೀರಲ್ಲಿ ಕಲಸಿದ್ದು ರಾತ್ರಿ ತನಕ ನಿಲ್ಲುವುದಿಲ್ಲ, ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಘಾಟು ಏರಿದ ಮೇಲೆ ವಿನೆಗರ್ ಹಾಕಿದರೆ ಅದು ತಡೆದು ಹಿಡಿಯುತ್ತದೆ. ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿಡಿ. ನಿಮ್ಮ ಬಾಟಲಿ ಸಪ್ಪೆ ಆಗಿದ್ದೂ ಹೀಗೇ. ಹೊರಗಿನ ಬಿಸಿ ಮತ್ತು ಗಾಳಿಗೆ ಘಾಟು ಬೇಗ ಕರಗುತ್ತದೆ. ದೊಡ್ಡ ಬಾಟಲಿ ಅಗ್ಗ ಅಂತ ತರಬೇಡಿ. ಒಣ ಪುಡಿಗೆ ಈ ತೊಂದರೆ ಕಮ್ಮಿ. ಒದ್ದೆ ಚಮಚ ಅದ್ದದಿದ್ದರೆ ಬಹಳ ದಿನ ಇರುತ್ತದೆ.

ತೆಳುಪದರ:
ಕಲಸಿ ಹತ್ತು ನಿಮಿಷ ಆದಾಗ ಬಟ್ಟಲಿನ ಮೇಲೆ ಬಗ್ಗಿ ಮೂಸಲು ಹೋಗಬೇಡಿ. ಕಡ್ಡಿಯ ತುದಿಯಲ್ಲಿ ಚೂರು ತೆಗೆದು ನಾಲಿಗೆಗೆ ಇಟ್ಟು ನೋಡಿ, ಸಾಕು.