ಕಾಲೇಜಿಗೆ ಹೆಸರಿಲ್ಲ, ಬೆಂಗಳೂರಲ್ಲಿ ಚಿಕ್ಕಪ್ಪನೂ ಇಲ್ಲ. ಕೆಲಸ ಹುಡುಕುವುದು ಹೇಗೆ?

ಕೊಬ್ಬರಿನಾಡು:
2024ರಲ್ಲಿ ಬಿಇ ಮುಗಿಸಿದೆ. ಕಂಪ್ಯೂಟರ್ ಸೈನ್ಸ್, 8.1 ಸಿಜಿಪಿಎ, ಒಂದೂ ಬ್ಯಾಕ್‌ಲಾಗ್ ಇಲ್ಲ. ಓದಿದ್ದು ತುಮಕೂರು ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ. ಹೆಸರು ಬೇಡ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ನನ್ನ ಕಷ್ಟವೇ ಅದು. ಕೊನೆಯ ವರ್ಷ ಕ್ಯಾಂಪಸ್ಸಿಗೆ ಬಂದಿದ್ದು ಎರಡೇ ಕಂಪನಿ. ಒಂದು ಕಾಲ್ ಸೆಂಟರ್ ಕೆಲಸಕ್ಕೆ. ಇನ್ನೊಂದು ಎರಡು ವರ್ಷದ ಬಾಂಡ್ ಬರೆಸಿಕೊಂಡು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಎಂದಿತು. ಅಪ್ಪ ಬೇಡವೇ ಬೇಡ ಎಂದರು.

ಅಪ್ಪ ತಿಪಟೂರು ಎಪಿಎಂಸಿಯ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕೊಬ್ಬರಿ ವಿಷಯವಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಅವರಿಗೆ ಗೊತ್ತು. ಸಾಫ್ಟ್‌ವೇರ್ ಕೆಲಸಕ್ಕೆ ಯಾರಿಗೆ ಮಾಡಬೇಕೋ, ಪಾಪ, ಗೊತ್ತಿಲ್ಲ.

ಈಗ ವಿಜಯನಗರದ ಪಿಜಿಯಲ್ಲಿದ್ದೇನೆ. ತಿಂಗಳಿಗೆ 7,500. ಇದು ಐದನೇ ತಿಂಗಳು. ನಾನೂ ರೂಮ್‌ಮೇಟೂ ಒಂದೇ ರಾತ್ರಿ, ಒಂದೇ ಮಂಚದ ಮೇಲೆ ಕೂತು, ಒಂದೇ ಕೆಲಸಕ್ಕೆ ಅರ್ಜಿ ಹಾಕಿದೆವು. ಅವಳ ಚಿಕ್ಕಪ್ಪ ಅದೇ ಕಂಪನಿಯಲ್ಲಿ ಮ್ಯಾನೇಜರ್. ನಾಲ್ಕನೇ ದಿನಕ್ಕೆ ಅವಳಿಗೆ ಟೆಸ್ಟ್ ಲಿಂಕ್ ಬಂತು. ನನಗೆ ಬಂದಿದ್ದು 'ನಿಮ್ಮ ಅರ್ಜಿ ತಲುಪಿದೆ' ಎಂಬ ಮೇಲ್ ಒಂದೇ. ಟೆಸ್ಟ್ ಅವಳೇ ಬರೆದು ಪಾಸಾದಳು, ಸುಳ್ಳು ಹೇಳಬಾರದು. ಆದರೆ ನನ್ನನ್ನು ಬರೆಯೋಕೇ ಕರೆಯಲಿಲ್ಲವಲ್ಲ. ವಶೀಲಿ ಇಲ್ಲದವರು ಏನು ಮಾಡಬೇಕು?

ಕೋಡ್‌ರಾಜ:
ಸ್ಕಿಲ್ ಇದ್ದರೆ ಕೆಲಸ ತಾನಾಗಿಯೇ ಬರುತ್ತದೆ. ವಶೀಲಿ ಗಿಶೀಲಿ ಎಲ್ಲ ಸುಮ್ನೆ ನೆಪ.

ಹಳೇ ವಿಟಿಯು:
ರಾಜರೇ, ಸ್ಕಿಲ್ ನೋಡಬೇಕಾದರೆ ಮೊದಲು ಯಾರಾದರೂ ರೆಸ್ಯೂಮ್ ತೆರೆಯಬೇಕು, ಅಲ್ವಾ?

ನಾನು 13 ವರ್ಷದಿಂದ ಈ ಲೈನಿನಲ್ಲಿದ್ದೇನೆ, ಫ್ರೆಶರ್‌ಗಳ ಇಂಟರ್‌ವ್ಯೂ ಮಾಡುತ್ತೇನೆ. ಹೋದ ಸಲ ನಮ್ಮ ಟೀಮಿನಲ್ಲಿ ಎರಡು ಜಾಗ ಇತ್ತು. ಮೂರು ದಿನಕ್ಕೆ ಸಾವಿರದ ಮೇಲೆ ಅರ್ಜಿ. ಎಚ್‌ಆರ್‌ನವರು ಮಾಡಿದ್ದು ಇಷ್ಟೇ: ಹದಿನಾಲ್ಕು ಕಾಲೇಜಿನ ಹೆಸರು ಹಾಕಿ ಫಿಲ್ಟರ್ ಒತ್ತಿದರು. ಕೆಟ್ಟ ಬುದ್ಧಿಯಿಂದಲ್ಲ, ಪುರುಸೊತ್ತಿಲ್ಲ. ರೆಫರಲ್, ಅಂದರೆ ಒಳಗಿನ ನೌಕರರ ಶಿಫಾರಸು, ಬಂದ ಮೂವತ್ತು ನಲವತ್ತು ರೆಸ್ಯೂಮ್ ಬೇರೆ ಫೋಲ್ಡರಿಗೆ ಬಿದ್ದವು. ಅವನ್ನು ಒಂದೊಂದಾಗಿ ತೆರೆದು ಓದಿದೆವು. ಆ ಚಿಕ್ಕಪ್ಪ ಮಾಡಿದ್ದೂ ಅದೇ, ರೆಸ್ಯೂಮನ್ನು ರಾಶಿಯಿಂದ ಎತ್ತಿ ಫೋಲ್ಡರಿಗೆ ಹಾಕಿದರು. ಕೆಲಸ ಕೊಡಿಸಲು ಅವರ ಕೈಲೂ ಆಗುವುದಿಲ್ಲ. ಆರ್‌ವಿ, ಪಿಇಎಸ್, ಸುರತ್ಕಲ್ಲಿನ ಎನ್‌ಐಟಿಕೆ ಥರದ ಹೆಸರಾದ ಕಾಲೇಜಿನ ಜಾಸ್ತಿ ಮಕ್ಕಳು ಆ ರಾಶಿಯನ್ನೇ ನೋಡಿರುವುದಿಲ್ಲ. ಕಂಪನಿಯೇ ಅವರ ಬಾಗಿಲಿಗೆ ಬರುತ್ತದೆ.

ನಿಮಗೆ ಬೇಕಿರುವುದು ಚಿಕ್ಕಪ್ಪ ಅಲ್ಲ, ಒಳಗಿರುವ ಯಾರೋ ಒಬ್ಬರು. ನಿಮ್ಮ ಕಾಲೇಜಿನಿಂದ 2021, 2022ರಲ್ಲಿ ಹೊರಬಿದ್ದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. 'ಸರ್, ಯಾವುದಾದರೂ ಜಾಬ್ ಇದ್ದರೆ ಹೇಳಿ' ಎಂದು ಮಾತ್ರ ಬರೆಯಬೇಡಿ, ನನಗೆ ವಾರಕ್ಕೆ ಹತ್ತು ಬರುತ್ತವೆ. ಜಾಬ್ ಐಡಿ (ಆ ಹುದ್ದೆಗೆ ಕಂಪನಿ ಕೊಟ್ಟ ನಂಬರ್), ಒಂದು ಪುಟದ ರೆಸ್ಯೂಮ್, ಎರಡು ಸಾಲು. ಸಾಕು. ಎಷ್ಟೋ ಕಂಪನಿಯಲ್ಲಿ ರೆಫರ್ ಮಾಡಿದವರಿಗೆ ಬೋನಸ್ಸೂ ಸಿಗುತ್ತದೆ, ಆದ್ದರಿಂದ ಸಂಕೋಚ ಬೇಡ. ಜೊತೆಗೆ ಟಿಸಿಎಸ್ ಕಂಪನಿಯ ಎನ್‌ಕ್ಯುಟಿ, ಇಲಿಟ್‌ಮಸ್ ಥರದ ನೇಮಕಾತಿ ಟೆಸ್ಟ್ ಬರೆಯಿರಿ. ಅಲ್ಲಿ ಮೊದಲು ನೋಡುವುದು ಸ್ಕೋರ್.

ಜಯನಗರ ನಾಲ್ಕನೇ ಬ್ಲಾಕ್:
ನನಗೆ ಯಾರ ರೆಫರಲ್ಲೂ ಇರಲಿಲ್ಲ, ಸ್ವಂತ ಶಕ್ತಿಯಿಂದ ಕೆಲಸ ಹಿಡಿದೆ ಎಂದು ಇಷ್ಟು ದಿನ ಬೀಗುತ್ತಿದ್ದೆ. ನಿಮ್ಮ ಪಿಜಿ ಬಾಡಿಗೆ ಓದಿ ಲೆಕ್ಕ ಹಾಕಿದೆ. ನಾನು ಒಂಬತ್ತು ತಿಂಗಳು ಅಪ್ಪನ ಮನೆಯಲ್ಲಿ ಅಮ್ಮನ ದೋಸೆ ತಿಂದುಕೊಂಡು ಕೆಲಸ ಹುಡುಕಿದೆ. ಎರಡು ಆಫರ್ ಸಂಬಳ ಕಡಿಮೆ ಎಂದು ಬಿಟ್ಟೆ. ನಿಮ್ಮ ರೇಟಿನಲ್ಲಿ 67,500 ರೂಪಾಯಿ. ಅದೂ ವಶೀಲಿಯೇ ಅನ್ನಿಸುತ್ತಿದೆ.

ಧಾರವಾಡ ಮೇಡಂ:
ಸಮಾಜಶಾಸ್ತ್ರ ಪಾಠ ಮಾಡುತ್ತೇನೆ, ಅದಕ್ಕೆ ಬಾಯಿ ಹಾಕುತ್ತಿದ್ದೇನೆ. ಫೋಲ್ಡರಿಗೆ ಬಿದ್ದ ಮೇಲೂ ಇದು ಮುಗಿಯುವುದಿಲ್ಲ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಂಬ ಸಮಾಜಶಾಸ್ತ್ರಜ್ಞರು ದಿಲ್ಲಿಯಲ್ಲಿ 25 ಎಚ್‌ಆರ್ ಅಧಿಕಾರಿಗಳನ್ನು ಮಾತಾಡಿಸಿ 2007ರಲ್ಲಿ ಬರೆದಿದ್ದರು. ನಮಗೆ ಮೆರಿಟ್ ಮುಖ್ಯ ಎನ್ನುತ್ತಿದ್ದವರೇ ಅಭ್ಯರ್ಥಿಯ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಬಗ್ಗೆ ಕೇಳುತ್ತಿದ್ದರು. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ ಎಂದು ನೇರವಾಗಿ ಹೇಳಿ. 'ಬಿಸಿನೆಸ್' ಎಂದು ತೇಲಿಸಬೇಡಿ. ಮುಂದಿನ ಪ್ರಶ್ನೆ 'ಯಾವ ಬಿಸಿನೆಸ್' ಎಂದೇ ಬರುತ್ತದೆ.

ಕೊಬ್ಬರಿನಾಡು:
ಮೇಡಂ, ನಾನು ಒಂದು ಕಡೆ 'ಬಿಸಿನೆಸ್' ಎಂದೇ ಹೇಳಿದ್ದೆ. ಅದೇ ಪ್ರಶ್ನೆ ಬಂತು, ತೊದಲಿದೆ.

ಹಳೇ ವಿಟಿಯು ಸರ್, ನಿನ್ನೆ ಒಬ್ಬ ಸೀನಿಯರಿಗೆ ಬರೆದೆ. ಫಸ್ಟ್ ಇಯರಿನಲ್ಲಿ ಒಮ್ಮೆ ಲ್ಯಾಬ್ ರೆಕಾರ್ಡ್ ಕೇಳಿ ಇಸ್ಕೊಂಡಿದ್ದೆ, ಪರಿಚಯ ಅಷ್ಟೇ. ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು: 'ಐಡಿ ಕಳಿಸು. ಇಷ್ಟು ದಿನ ಯಾಕೆ ಕೇಳಲಿಲ್ಲ?' ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಆ ಹುಡುಗ ಯಾವೂರವನು ಎಂದು ಕೇಳಿದರು. ಗುಬ್ಬಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಬ್ಬಿಯಲ್ಲಿ ಯಾರ ಮನೆ?" ಎಂದರು.